ಡೀಸೆಲ್ ಲಾರಿಯ ಇಂಜಿನು ಚಾಲೂ ಆಗದಿದ್ದಾಗ ಪರೀಕ್ಷಿಸತಕ್ಕ ಕ್ರಮ

ಪೀಠಿಕೆ

ಕಡಿದ ಕಬ್ಬನ್ನು ಸಾಧ್ಯವಾದ ಮಟ್ಟಿಗೆ 24 ಗಂಟೆಗಳೊಳಗಾಗಿ ಅರೆಯಬೇಕೆಂಬುದು ಮಂಡ್ಯದ ಸೀಮೆಯ ರೈತರೆಲ್ಲರಿಗೂ ತಿಳಿದ ವಿಷಯವಾಗಿದೆ. ಅದಕ್ಕಿಂತ ಹೆಚ್ಚು ಕಾಲ ಬಿಸಿಲಿನಲ್ಲಿ ನಿಂತ ಕಬ್ಬು ಒಣಗಿ ತೂಕದಲ್ಲಿ ಕಡಿಮೆಯಾಗುವುದಲ್ಲದೆ, ಅದರೊಳಗಿನ ಸಕ್ಕರೆಯೂ ಕೆಡುತ್ತಾ ಹೋಗುತ್ತದೆ. ಹಳಸಿದ ಕಬ್ಬಿನ ಹಾಲಿನಿಂದ ಬೆಲ್ಲವು ಸರಿಯಾಗಿ ಗಟ್ಟಿಕಟ್ಟುವುದಿಲ್ಲ. ಹೀಗಿರುವಾಗ, ಹೊರೆ ತುಂಬಿದ ಲಾರಿಯು ಗದ್ದೆಯ ಬದಿಯಲ್ಲಿ ಚಾಲೂ ಆಗದೆ ನಿಂತುಬಿಟ್ಟರೆ, ಲಾರಿಯ ಒಡೆಯನಿಗೆ ಬಾಡಿಗೆಯ ನಷ್ಟವೂ, ಬೆಳೆದವನಿಗೆ ವರ್ಷದ ಶ್ರಮದಲ್ಲಿ ಒಂದು ಪಾಲಿನ ನಷ್ಟವೂ ಒದಗುತ್ತವೆ.

ಇದಕ್ಕಿಂತ ದೊಡ್ಡದಾದ ನಷ್ಟವು ಮತ್ತೊಂದುಂಟು. ಇಂಜಿನು ಚಾಲೂ ಆಗಲಿಲ್ಲವೆಂಬ ಗಾಬರಿಯಲ್ಲಿ, ಕಾರಣವನ್ನು ಅರಿಯುವುದಕ್ಕೆ ಮೊದಲೇ, ಒಬ್ಬರು ಬ್ಯಾಟರಿ ಹೋಗಿದೆ ಎನ್ನುತ್ತಾರೆ, ಇನ್ನೊಬ್ಬರು ಪಂಪು ಹೋಗಿದೆ ಎನ್ನುತ್ತಾರೆ. ಮಾತು ಕೇಳಿದಂತೆಲ್ಲ ಒಂದೊಂದು ಭಾಗವನ್ನು ಬಿಚ್ಚಿ ಹೊಸದನ್ನು ಹಾಕಿಸಿ, ಸಾವಿರಾರು ರೂಪಾಯಿಗಳು ವ್ಯಯವಾದ ಮೇಲೆ, ಟ್ಯಾಂಕಿನ ತಳದಲ್ಲಿ ಒಂದು ಬಟ್ಟಲು ನೀರು ಇದ್ದುದೇ ದೋಷವೆಂದು ಕಂಡುಬರುವುದುಂಟು. ವೈದ್ಯನು ನಾಡಿಯನ್ನು ನೋಡದೆ ಮದ್ದು ಕೊಡಬಾರದೆಂಬ ನ್ಯಾಯವು ಯಂತ್ರಕ್ಕೂ ಸಲ್ಲುತ್ತದೆ. ಆದುದರಿಂದ, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ, ಖರ್ಚಿನವುಗಳನ್ನು ಕೊನೆಗೆ ಇಟ್ಟುಕೊಳ್ಳುವ ಒಂದು ಕ್ರಮವನ್ನು ಈ ಕರಪತ್ರದಲ್ಲಿ ವಿವರಿಸಲಾಗಿದೆ. ಟ್ರ್ಯಾಕ್ಟರು ಮತ್ತು ನೀರೆತ್ತುವ ಡೀಸೆಲ್ ಇಂಜಿನುಗಳಿಗೂ ಈ ಕ್ರಮವು ಬಹುಮಟ್ಟಿಗೆ ಅನ್ವಯಿಸುತ್ತದೆ.

1. ಡೀಸೆಲ್ ಇಂಜಿನಿನ ಸ್ವಭಾವ

ರುಡಾಲ್ಫ್ ಡೀಸೆಲ್ ಎಂಬ ಜರ್ಮನಿಯ ಇಂಜಿನಿಯರು ರೂಪಿಸಿದ ಈ ಯಂತ್ರವು 1897ನೆಯ ಇಸವಿಯಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಪರೀಕ್ಷೆಗೆ ಒಳಪಟ್ಟು ಯಶಸ್ವಿಯಾಯಿತು. ಎಣ್ಣೆಯಲ್ಲಿ ಅಡಗಿರುವ ಶಕ್ತಿಯ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚನ್ನು ಅದು ಕೆಲಸವನ್ನಾಗಿ ಮಾರ್ಪಡಿಸಿದುದು ಆ ಕಾಲಕ್ಕೆ ಆಶ್ಚರ್ಯದ ಸಂಗತಿಯಾಗಿತ್ತು. 1920ರ ದಶಕದಲ್ಲಿ ಜರ್ಮನಿಯ ಲಾರಿಗಳಿಗೆ ಅದನ್ನು ಅಳವಡಿಸಲಾಯಿತು. ನಮ್ಮ ದೇಶದಲ್ಲಿ 1954ರಿಂದ ಜಮಶೆಡ್‌ಪುರದಲ್ಲಿ ಟಾಟಾ ಸಂಸ್ಥೆಯವರು ಜರ್ಮನಿಯ ಕಂಪನಿಯ ಸಹಯೋಗದೊಡನೆ ಡೀಸೆಲ್ ಲಾರಿಗಳನ್ನು ತಯಾರಿಸತೊಡಗಿದರು.

ಪೆಟ್ರೋಲಿನ ಇಂಜಿನಿನಲ್ಲಿ ವಿದ್ಯುತ್ತಿನ ಕಿಡಿಯು ಬೆಂಕಿಯನ್ನು ಹೊತ್ತಿಸುತ್ತದೆ. ಡೀಸೆಲ್ ಇಂಜಿನಿನಲ್ಲಿ ಕಿಡಿಯೆಂಬುದೇ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಕೊಳವೆಯ ಬುಡವು ಬೆಚ್ಚಗಾಗುವುದನ್ನು ಎಲ್ಲರೂ ಬಲ್ಲರು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಈ ಇಂಜಿನಿನ ಸಿಲಿಂಡರಿನಲ್ಲಿ ಹದಿನೆಂಟು ಸೇರಿನ ಜಾಗದಲ್ಲಿದ್ದ ಗಾಳಿಯನ್ನು ಸುಮಾರು ಒಂದು ಸೇರಿನ ಜಾಗಕ್ಕೆ ಅದುಮಲಾಗುತ್ತದೆ. ಹಾಗೆ ಅದುಮಿದ ಗಾಳಿಯ ಶಾಖವು ಸುಮಾರು 500 ಡಿಗ್ರಿ ಸೆಂಟಿಗ್ರೇಡಿಗೆ ಏರುತ್ತದೆ. ಡೀಸೆಲ್ ಎಣ್ಣೆಯು ತಾನಾಗಿಯೇ ಹೊತ್ತಿಕೊಳ್ಳಲು ಇದರ ಅರ್ಧದಷ್ಟು ಶಾಖವೇ ಸಾಕಾಗಿರುವುದರಿಂದ, ನಾಝಲ್ಲಿನ ಮೂಲಕ ಮಂಜಿನಂತೆ ಚಿಮ್ಮಿದ ಎಣ್ಣೆಯು ಕೂಡಲೇ ಉರಿದು ಪಿಸ್ಟನನ್ನು ಕೆಳಕ್ಕೆ ನೂಕುತ್ತದೆ.

ಇದರಿಂದ ತಿಳಿದುಬರುವುದೇನೆಂದರೆ, ಡೀಸೆಲ್ ಇಂಜಿನು ಚಾಲೂ ಆಗುವುದಕ್ಕೆ ಮೂರು ಅನುಕೂಲಗಳು ಒಟ್ಟಿಗೆ ಇರಬೇಕು.

ಮೊದಲನೆಯದು: ಸೆಲ್ಫ್ ಮೋಟಾರು ಇಂಜಿನನ್ನು ಸಾಕಷ್ಟು ವೇಗವಾಗಿ ತಿರುಗಿಸಬೇಕು.
ಎರಡನೆಯದು: ಎಣ್ಣೆಯು ಗಾಳಿ ಮತ್ತು ನೀರು ಬೆರೆಯದೆ, ಸರಿಯಾದ ಹೊತ್ತಿಗೆ, ನಾಝಲ್ಲಿನಿಂದ ಚಿಮ್ಮಬೇಕು.
ಮೂರನೆಯದು: ಸಿಲಿಂಡರಿಗೆ ಗಾಳಿಯು ಧಾರಾಳವಾಗಿ ಬಂದು, ಸೋರಿಹೋಗದೆ ಒತ್ತಲ್ಪಟ್ಟು ಕಾಯಬೇಕು.

ಚಾಲೂ ಆಗದ ಇಂಜಿನಿನಲ್ಲಿ ಈ ಮೂರರಲ್ಲಿ ಒಂದು ತಪ್ಪಿರುತ್ತದೆ. ಯಾವುದು ತಪ್ಪಿದೆಯೆಂಬುದನ್ನು ಕಂಡುಹಿಡಿಯುವುದೇ ಪರೀಕ್ಷೆಯ ಉದ್ದೇಶ.

2. ಕೈಹಾಕುವುದಕ್ಕೆ ಮುಂಚೆ ವಹಿಸತಕ್ಕ ಎಚ್ಚರಿಕೆ

ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕನ್ನು ಹಾಕಿ, ಹೊರೆಯಿರುವ ಲಾರಿಯಾದರೆ ಗಾಲಿಗಳಿಗೆ ಕಲ್ಲು ಕೊಡಬೇಕು. ಬೀಡಿ, ಬೆಂಕಿಕಡ್ಡಿ, ಲಾಂದ್ರಗಳನ್ನು ದೂರವಿಡಬೇಕು. ಬ್ಯಾಟರಿಯಿಂದ ಹೊರಡುವ ಅನಿಲವು ಒಂದು ಕಿಡಿಗೆ ಸಿಡಿದು ಕಣ್ಣುಗಳನ್ನು ಕಳೆಯಬಲ್ಲದು.

ಲಾರಿಯನ್ನು ಹತ್ತಾರು ಮಂದಿ ಸೇರಿ ನೂಕಿ, ಅಥವಾ ಇಳಿಜಾರಿನಲ್ಲಿ ಉರುಳಬಿಟ್ಟು ಚಾಲೂ ಮಾಡುವ ವಾಡಿಕೆಯು ಅಪಾಯಕರವಾದುದು. ದೊಡ್ಡ ಲಾರಿಗಳ ಬ್ರೇಕು ಗಾಳಿಯ ಒತ್ತಡದಿಂದಲೂ, ಸ್ಟಿಯರಿಂಗು ಇಂಜಿನಿನ ಸಹಾಯದಿಂದಲೂ ಕೆಲಸ ಮಾಡುತ್ತವೆ. ಇಂಜಿನು ನಿಂತಿರುವಾಗ ಬ್ರೇಕಿಗೆ ಹೊಸದಾಗಿ ಗಾಳಿಯು ತುಂಬುವುದಿಲ್ಲ ಮತ್ತು ಸ್ಟಿಯರಿಂಗು ಕಲ್ಲಿನಂತೆ ಬಿಗಿಯಾಗುತ್ತದೆ. ಗ್ರಾಮದ ಮುಖಂಡರು ಈ ವಿಷಯದಲ್ಲಿ ಮುಂದೆ ನಿಂತು ಜನರನ್ನೂ ಹುಡುಗರನ್ನೂ ತಡೆಯಬೇಕಾದುದು ಅವಶ್ಯಕ.

3. ಮೊದಲನೆಯ ಪರೀಕ್ಷೆ: ಇಂಜಿನು ತಿರುಗುವುದೇ?

ಲಾರಿಯ ದೀಪವನ್ನು ಹಾಕಿಸಿ, ಒಬ್ಬರು ಮುಂದೆ ನಿಂತು ದೀಪವನ್ನು ನೋಡುತ್ತಿರುವಾಗ, ಚಾಲಕನು ಸೆಲ್ಫ್ ಹೊಡೆಯಬೇಕು. ಆಗ ನಾಲ್ಕು ವಿಧವಾದ ಫಲಗಳು ಕಂಡುಬರಬಹುದು.

(ಅ) ದೀಪವು ಸ್ವಲ್ಪ ಮಾತ್ರ ಕುಂದಿ, ಇಂಜಿನು ಚುರುಕಾಗಿ ತಿರುಗಿದರೆ ವಿದ್ಯುತ್ತಿನ ಭಾಗವು ಸರಿಯಾಗಿದೆ. ಬ್ಯಾಟರಿಯ ವಿಷಯವನ್ನು ಬಿಟ್ಟು ಮುಂದಿನ ಪರೀಕ್ಷೆಗೆ ಹೋಗಬೇಕು.

(ಆ) ದೀಪವು ಬಹುಮಟ್ಟಿಗೆ ಆರಿಹೋಗಿ, ಇಂಜಿನು ನರಳುತ್ತಾ ನಿಧಾನವಾಗಿ ತಿರುಗಿದರೆ ಬ್ಯಾಟರಿಯು ಇಳಿದಿದೆ, ಇಲ್ಲವೆ ತಂತಿಯ ಕೂಡುಗಳು ಕೆಟ್ಟಿವೆ. ನಿಧಾನವಾಗಿ ಅದುಮಿದ ಗಾಳಿಯು ತನ್ನ ಶಾಖವನ್ನು ಸಿಲಿಂಡರಿನ ಗೋಡೆಗೆ ಕೊಟ್ಟುಬಿಡುವುದರಿಂದ ಎಣ್ಣೆಯು ಹೊತ್ತುವುದಿಲ್ಲ. ಇಂಜಿನು ತಿರುಗುತ್ತಿದೆಯಲ್ಲಾ ಎಂದು ಇದನ್ನು ಅಲಕ್ಷ್ಯ ಮಾಡುವುದು ಅನೇಕರು ಮಾಡುವ ತಪ್ಪು.

(ಇ) ದೀಪವು ಕುಂದದೆ, ಶಬ್ದವೂ ಬಾರದಿದ್ದರೆ ವಿದ್ಯುತ್ತು ಸೆಲ್ಫ್ ಮೋಟಾರನ್ನು ತಲುಪುತ್ತಿಲ್ಲ. ಫ್ಯೂಜು, ಕೀಲಿಯ ಸ್ವಿಚ್ಚು ಮತ್ತು ಸೆಲ್ಫಿನ ಸಣ್ಣ ತಂತಿಯನ್ನು ನೋಡಬೇಕು.

(ಈ) ಒಂದೇ ಪೆಟ್ಟಿನ ಶಬ್ದವು ಬಂದು, ದೀಪವು ಕುಂದಿ, ಇಂಜಿನು ಕದಲದೆ ನಿಂತರೆ ಇಂಜಿನು ಬಿಗಿದುಕೊಂಡಿರಬಹುದು. ಇದನ್ನು ಕುರಿತು 6ನೆಯ ಭಾಗದಲ್ಲಿ ಹೇಳಲಾಗಿದೆ.

ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಾಗಿ ಜೋಡಿಸಿ 24 ವೋಲ್ಟು ಮಾಡಿರುತ್ತಾರೆ. ಇವೆರಡರಲ್ಲಿ ಒಂದು ಕೆಟ್ಟರೂ ಎರಡೂ ಕೆಟ್ಟಂತೆಯೇ ತೋರುವುದು. ಆದುದರಿಂದ ಒಂದೊಂದನ್ನೂ ಬೇರೆಯಾಗಿ ಅಳೆಯಬೇಕು. ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ ಒಳ್ಳೆಯ ಬ್ಯಾಟರಿಯು ಸುಮಾರು 12.6 ವೋಲ್ಟನ್ನು ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಕ್ಕೆ ಇಳಿದರೆ ಅದು ದುರ್ಬಲವೆಂದು ತಿಳಿಯಬೇಕು. ಆಸಿಡ್ಡಿನ ಸಾಂದ್ರತೆಯನ್ನು ಅಳೆಯುವ ಗಾಜಿನ ಕೊಳವೆಯಿದ್ದರೆ, ಪೂರ್ಣವಾಗಿ ತುಂಬಿದ ಬ್ಯಾಟರಿಯಲ್ಲಿ ಅದು ಸುಮಾರು 1.250 ರಿಂದ 1.280 ರವರೆಗೆ ಇರುತ್ತದೆ. 1.200 ಕ್ಕಿಂತ ಕಡಿಮೆಯಾದರೆ ಚಾರ್ಜು ಮಾಡಿಸಬೇಕು.

ಹೊಸ ಬ್ಯಾಟರಿಯನ್ನು ಕೊಳ್ಳುವ ಮೊದಲು ಕೂಡುಗಳನ್ನು ಪರೀಕ್ಷಿಸಬೇಕು. ಕೂಡಿನ ಮೇಲೆ ಬಿಳಿಯ ಅಥವಾ ಹಸುರು ಬಣ್ಣದ ಪುಡಿಯು ಕಟ್ಟಿದ್ದರೆ ವಿದ್ಯುತ್ತು ಹಾಯುವುದಿಲ್ಲ. ಸೆಲ್ಫ್ ಹೊಡೆದ ಮೇಲೆ ಯಾವ ಕೂಡು ಕೈಗೆ ಬಿಸಿಯಾಗಿ ತೋರುವುದೋ ಅಲ್ಲಿಯೇ ದೋಷವಿದೆ. ಬ್ಯಾಟರಿಯಿಂದ ಚಾಸಿಗೂ, ಚಾಸಿಯಿಂದ ಇಂಜಿನಿಗೂ ಹೋಗುವ ಅರ್ಥಿಂಗ್ ತಂತಿಯನ್ನು ಮರೆಯಬಾರದು. ಕೂಡನ್ನು ಬಿಚ್ಚುವಾಗ ಅರ್ಥಿಂಗ್ ಕಡೆಯದನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು. ಬಿಸಿನೀರಿನಿಂದ ತೊಳೆದು, ಉಜ್ಜಿ, ಬಿಗಿದು, ಮೇಲೆ ಗ್ರೀಸು ಸವರಿದರೆ ಸಾಕು. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಸೆಲ್ಫನ್ನು ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚಾಗಿ ಹೊಡೆಯಬಾರದು. ಪ್ರತಿಸಲವೂ ಒಂದೆರಡು ನಿಮಿಷ ಬಿಡುವು ಕೊಡಬೇಕು. ಬಿಡುವಿಲ್ಲದೆ ಹೊಡೆದರೆ ಬ್ಯಾಟರಿಯು ಬರಿದಾಗುವುದಲ್ಲದೆ ಮೋಟಾರು ಸುಟ್ಟುಹೋಗುತ್ತದೆ. ಆಗ ಒಂದು ದೋಷವಿದ್ದಲ್ಲಿ ಮೂರಾಗುತ್ತವೆ.

4. ಎರಡನೆಯ ಪರೀಕ್ಷೆ: ಹೊಗೆಯು ಏನು ಹೇಳುತ್ತದೆ?

ಇಂಜಿನು ಚುರುಕಾಗಿ ತಿರುಗಿಯೂ ಚಾಲೂ ಆಗದಿದ್ದರೆ, ಯಾವ ಭಾಗವನ್ನೂ ಬಿಚ್ಚದೆ, ಲಾರಿಯ ಹಿಂದಕ್ಕೆ ಹೋಗಿ ಹೊಗೆಕೊಳವೆಯ ಬಾಯನ್ನು ನೋಡಬೇಕು. ಈ ಪರೀಕ್ಷೆಗೆ ಉಪಕರಣವೇನೂ ಬೇಕಾಗಿಲ್ಲ. ಆದರೂ ಇಡೀ ಕ್ರಮದಲ್ಲಿ ಇದರಷ್ಟು ಪ್ರಯೋಜನಕರವಾದ ಪರೀಕ್ಷೆಯು ಮತ್ತೊಂದಿಲ್ಲ.

ಹೊಗೆಯೇ ಬಾರದಿದ್ದರೆ, ಎಣ್ಣೆಯು ಸಿಲಿಂಡರನ್ನು ತಲುಪುತ್ತಿಲ್ಲ. 5ನೆಯ ಭಾಗವನ್ನು ಅನುಸರಿಸಬೇಕು.

ಬಿಳಿಯ ಹೊಗೆ ಬಂದು ಡೀಸೆಲಿನ ವಾಸನೆ ಹೊಡೆದರೆ, ಎಣ್ಣೆಯು ಒಳಕ್ಕೆ ಬರುತ್ತಿದೆ, ಆದರೆ ಉರಿಯುತ್ತಿಲ್ಲ. ಶಾಖವು ಸಾಲದೆ ಇರುವುದು, ಎಣ್ಣೆಯಲ್ಲಿ ನೀರು ಬೆರೆತಿರುವುದು, ಅಥವಾ ಎಣ್ಣೆ ಚಿಮ್ಮುವ ಹೊತ್ತು ತಪ್ಪಿರುವುದು ಇದಕ್ಕೆ ಕಾರಣವಾಗಿರಬಹುದು. ನೀರನ್ನು 5ನೆಯ ಭಾಗದಂತೆ ಪರೀಕ್ಷಿಸಿ, ಆಮೇಲೆ 6ನೆಯ ಭಾಗಕ್ಕೆ ಹೋಗಬೇಕು.

ಕಪ್ಪು ಹೊಗೆಯು ಬಂದರೆ, ಎಣ್ಣೆಗೆ ತಕ್ಕಷ್ಟು ಗಾಳಿ ದೊರೆಯುತ್ತಿಲ್ಲ. ಏರ್ ಫಿಲ್ಟರನ್ನು ಮೊದಲು ನೋಡಬೇಕು.

5. ಎಣ್ಣೆಯ ದಾರಿಯ ಪರೀಕ್ಷೆ

ಟ್ಯಾಂಕಿನಿಂದ ನಾಝಲ್ಲಿನವರೆಗೆ ಎಣ್ಣೆಯು ನಡೆಯುವ ದಾರಿಯು ನಾಲೆಯಂತೆ. ಗದ್ದೆಗೆ ನೀರು ಬಾರದಿದ್ದಾಗ ರೈತನು ತೂಬಿನಿಂದ ಆರಂಭಿಸಿ ಕಾಲುವೆಯ ಉದ್ದಕ್ಕೂ ನಡೆದು ನೋಡುವಂತೆ, ಇಲ್ಲಿಯೂ ಟ್ಯಾಂಕಿನಿಂದ ಆರಂಭಿಸಿ ಮುಂದಕ್ಕೆ ಹೋಗಬೇಕು.

ಟ್ಯಾಂಕು: ಮುಳ್ಳನ್ನು ನಂಬದೆ, ಶುಭ್ರವಾದ ಕೋಲನ್ನು ಇಳಿಬಿಟ್ಟು ಎಣ್ಣೆಯನ್ನು ಅಳೆಯಬೇಕು. ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ರಂಧ್ರವು ಕೆಸರಿನಿಂದ ಮುಚ್ಚಿದ್ದರೆ ಎಣ್ಣೆಯು ಹೊರಡುವುದಿಲ್ಲ. ಮುಚ್ಚಳವನ್ನು ಸಡಿಲಿಸಿ ನೋಡಿದರೆ ಇದು ತಿಳಿಯುತ್ತದೆ.

ನಿಲ್ಲಿಸುವ ಸಾಧನ: ಹಳೆಯ ಲಾರಿಗಳಲ್ಲಿ ಇಂಜಿನನ್ನು ನಿಲ್ಲಿಸಲು ಎಳೆಯುವ ತಂತಿಯಿರುತ್ತದೆ. ಅದು ಹಿಂದಕ್ಕೆ ಬಾರದೆ ಸಿಕ್ಕಿಕೊಂಡಿದ್ದರೆ ಪಂಪು ಎಣ್ಣೆಯನ್ನು ಬಿಡುವುದಿಲ್ಲ. ಕೆಲವು ಇಂಜಿನುಗಳಲ್ಲಿ ತಂತಿಯ ಬದಲು ಪಂಪಿನ ಮೇಲೆ ವಿದ್ಯುತ್ತಿನ ತಡೆಯಿರುತ್ತದೆ. ಕೀಲಿಯನ್ನು ತಿರುಗಿಸಿದಾಗ ಅಲ್ಲಿ ಟಕ್ ಎಂಬ ಶಬ್ದವು ಕೇಳಿಸಬೇಕು. ಕೇಳಿಸದಿದ್ದರೆ ಅದರ ತಂತಿಯನ್ನೂ ಫ್ಯೂಜನ್ನೂ ನೋಡಬೇಕು.

ನೀರು: ಡೀಸೆಲು ನೀರಿಗಿಂತ ಹಗುರವಾದುದರಿಂದ ನೀರು ಯಾವಾಗಲೂ ತಳದಲ್ಲಿ ನಿಲ್ಲುತ್ತದೆ. ನೀರು ಬೇರ್ಪಡಿಸುವ ಬಟ್ಟಲಿನ ಕೆಳಗಿರುವ ತಿರುಪನ್ನು ಸಡಿಲಿಸಿ, ಒಂದು ಗಾಜಿನ ಸೀಸೆಗೆ ಎಣ್ಣೆಯನ್ನು ಹಿಡಿದು ಕಾಲು ಗಂಟೆ ಕದಲಿಸದೆ ಇಟ್ಟರೆ, ನೀರಿದ್ದಲ್ಲಿ ಕೆಳಗೆ ಬೇರೆಯ ಪದರವಾಗಿ ಕಾಣುತ್ತದೆ. ಪೀಪಾಯಿಯಲ್ಲಿ ಡೀಸೆಲನ್ನು ಶೇಖರಿಸುವವರು ಮಳೆಗಾಲದಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ಪೀಪಾಯಿಯನ್ನು ನೆರಳಿನಲ್ಲಿ, ಸ್ವಲ್ಪ ವಾಲಿಸಿ ಇಟ್ಟು, ಒಂದು ದಿನ ತಿಳಿಯಾಗಲು ಬಿಟ್ಟು, ತಳದಿಂದ ನಾಲ್ಕು ಅಂಗುಲ ಮೇಲಿನ ಎಣ್ಣೆಯನ್ನು ಮಾತ್ರ ತೆಗೆದುಕೊಳ್ಳತಕ್ಕದ್ದು.

ಫಿಲ್ಟರು: ಕಸದಿಂದ ಮುಚ್ಚಿದ ಫಿಲ್ಟರು ಮೊದಲು ಏರಿನಲ್ಲಿ ಬಲವನ್ನು ಕುಂದಿಸಿ, ಕೊನೆಗೆ ಚಾಲೂ ಆಗುವುದನ್ನೇ ತಡೆಯುತ್ತದೆ. ಹಿಂದಿನ ವಾರ ಲಾರಿಯು ಏರಿನಲ್ಲಿ ಎಳೆಯದೆ ಇತ್ತೇ ಎಂದು ಚಾಲಕನನ್ನು ಕೇಳಿದರೆ ಇದರ ಸುಳಿವು ದೊರೆಯುತ್ತದೆ.

ಗಾಳಿ ಹಿಡಿಯುವುದು: ಎಣ್ಣೆಯ ದಾರಿಯಲ್ಲಿ ಗಾಳಿಯು ಸೇರಿದರೆ, ಪಂಪು ಎಷ್ಟು ಒತ್ತಿದರೂ ಗಾಳಿಯು ಕುಗ್ಗುತ್ತದೆಯೇ ಹೊರತು ನಾಝಲ್ಲು ತೆರೆಯುವುದಿಲ್ಲ. ಟ್ಯಾಂಕು ಬರಿದಾದಾಗ ಮತ್ತು ಫಿಲ್ಟರನ್ನು ಬದಲಾಯಿಸಿದಾಗ ಗಾಳಿಯು ಸೇರುವುದು ಸಹಜ. ಅದನ್ನು ತೆಗೆಯುವ ಕ್ರಮವು ಹಳೆಯ ಮಾದರಿಯ ಪಂಪುಳ್ಳ ಇಂಜಿನುಗಳಲ್ಲಿ ಹೀಗಿದೆ:

(1) ಟ್ಯಾಂಕಿಗೆ ಎಣ್ಣೆಯನ್ನು ತುಂಬಬೇಕು.
(2) ಫಿಲ್ಟರಿನ ತಲೆಯ ಮೇಲಿರುವ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತಿರಬೇಕು. ಮೊದಲು ನೊರೆಯೂ, ಆಮೇಲೆ ಗುಳ್ಳೆಯಿಲ್ಲದ ಎಣ್ಣೆಯೂ ಬರುತ್ತದೆ. ಎಣ್ಣೆ ಹರಿಯುತ್ತಿರುವಾಗಲೇ ತಿರುಪನ್ನು ಬಿಗಿಯಬೇಕು.
(3) ಪಂಪಿನ ಮೇಲಿನ ತಿರುಪಿನಲ್ಲಿಯೂ ಹಾಗೆಯೇ ಮಾಡಬೇಕು.
(4) ಇಷ್ಟಕ್ಕೂ ಚಾಲೂ ಆಗದಿದ್ದರೆ, ಎರಡು ನಾಝಲ್ಲುಗಳ ಬಳಿಯಲ್ಲಿ ಕೊಳವೆಯ ನಟ್ಟನ್ನು ಒಂದು ಸುತ್ತಿನಷ್ಟು ಸಡಿಲಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಅಲ್ಲಿ ಎಣ್ಣೆಯು ತೊಟ್ಟಿಕ್ಕಿದ ಮೇಲೆ ನಟ್ಟುಗಳನ್ನು ಬಿಗಿದರೆ ಸಾಮಾನ್ಯವಾಗಿ ಇಂಜಿನು ಹಿಡಿದುಕೊಳ್ಳುತ್ತದೆ.

ಕೈಪಂಪು ಹೊಡೆದರೆ ಚಾಲೂ ಆಗಿ, ರಾತ್ರಿ ನಿಂತರೆ ಬೆಳಿಗ್ಗೆ ಪುನಃ ಚಾಲೂ ಆಗದಿದ್ದರೆ, ಟ್ಯಾಂಕು ಮತ್ತು ಕೈಪಂಪಿನ ನಡುವಣ ಕೊಳವೆಯಲ್ಲಿ ಎಲ್ಲಿಯೋ ಗಾಳಿಯು ನುಸುಳುತ್ತಿದೆಯೆಂದು ಶಂಕಿಸಬೇಕು. ಈ ಭಾಗದಲ್ಲಿ ಎಣ್ಣೆಯನ್ನು ಹೀರಿಕೊಳ್ಳಲಾಗುವುದರಿಂದ, ಬಿರುಕಿನಲ್ಲಿ ಎಣ್ಣೆಯು ಹೊರಕ್ಕೆ ಸೋರದೆ ಗಾಳಿಯು ಒಳಕ್ಕೆ ಹೋಗುತ್ತದೆ. ಆ ಕಾರಣ ಕಣ್ಣಿಗೆ ಸೋರಿಕೆ ಕಾಣುವುದಿಲ್ಲ. ಸೀಳಿದ ರಬ್ಬರು ಕೊಳವೆ ಮತ್ತು ಸವೆದ ತಾಮ್ರದ ವಾಷರುಗಳು ಇದಕ್ಕೆ ಸಾಮಾನ್ಯವಾದ ಕಾರಣಗಳು. ಅಲ್ಪ ಬೆಲೆಯ ವಾಷರಿನ ದೋಷಕ್ಕೆ ಪಂಪನ್ನು ಬಿಚ್ಚಿಸಿದವರು ಅನೇಕರು.

ಮುಖ್ಯ ಎಚ್ಚರಿಕೆ: 2020ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಕ್ಕೆ ಒಳಪಟ್ಟ ಲಾರಿಗಳಲ್ಲಿಯೂ, ಅದಕ್ಕೆ ಮುಂಚಿನ ಕೆಲವು ಲಾರಿಗಳಲ್ಲಿಯೂ ಕಾಮನ್ ರೈಲ್ ಎಂಬ ಏರ್ಪಾಡಿರುತ್ತದೆ. ಹಳೆಯ ಇಂಜಿನುಗಳಲ್ಲಿ ನಾಝಲ್ಲು ತೆರೆಯುವ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋಗ್ರಾಮಿನ ಆಸುಪಾಸಿನಲ್ಲಿದ್ದರೆ, ಇವುಗಳ ಕೊಳವೆಯಲ್ಲಿ ಒತ್ತಡವು 1600 ಕಿಲೋಗ್ರಾಮನ್ನೂ ಮೀರಬಲ್ಲದು. ಇಂತಹ ಇಂಜಿನಿನಲ್ಲಿ ನಾಝಲ್ಲಿನ ಕೊಳವೆಯನ್ನು ಎಂದಿಗೂ ಸಡಿಲಿಸಕೂಡದು. ಕೈಪಂಪಿನಿಂದ ಫಿಲ್ಟರಿನವರೆಗೆ ಗಾಳಿ ತೆಗೆಯುವುದಷ್ಟೇ ನಮ್ಮ ಕೆಲಸ. ಯಾವ ಇಂಜಿನೇ ಆಗಲಿ, ಚಿಮ್ಮುವ ಎಣ್ಣೆಯನ್ನು ಕೈಯಿಂದ ಮುಟ್ಟಿ ನೋಡಬಾರದು. ಅದು ಸೂಜಿಯಂತೆ ಚರ್ಮವನ್ನು ತೂರಿ ಒಳಗೆ ಹರಡುತ್ತದೆ. ಗಾಯವು ಮುಳ್ಳು ಚುಚ್ಚಿದಷ್ಟೇ ಕಂಡರೂ, ನೋವು ಇಲ್ಲದಿದ್ದರೂ, ಅದೇ ಗಂಟೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು. ತಡಮಾಡಿದವರು ಬೆರಳನ್ನೂ ಕೈಯನ್ನೂ ಕಳೆದುಕೊಂಡಿರುವುದುಂಟು.

ಕಾಮನ್ ರೈಲ್ ಇಂಜಿನುಗಳಲ್ಲಿ ಎಣ್ಣೆ ಚಿಮ್ಮುವುದನ್ನು ವಿದ್ಯುತ್ತಿನ ಪೆಟ್ಟಿಗೆಯೊಂದು ಆಳುತ್ತದೆ. ಇಂಜಿನು ಎಷ್ಟು ತಿರುಗಿದೆಯೆಂಬುದನ್ನು ಆ ಪೆಟ್ಟಿಗೆಗೆ ತಿಳಿಸುವ ಸೆನ್ಸರು ಕೆಟ್ಟರೆ ಎಣ್ಣೆಯೇ ಚಿಮ್ಮುವುದಿಲ್ಲ. ಸೆಲ್ಫ್ ಹೊಡೆಯುವಾಗ ಸುತ್ತಿನ ಲೆಕ್ಕದ ಮುಳ್ಳು ಸ್ವಲ್ಪವೂ ಅಲುಗದಿದ್ದರೆ ಈ ದೋಷವನ್ನು ಶಂಕಿಸಬಹುದು. ಬ್ಯಾಟರಿ, ಫ್ಯೂಜು, ಇಲಿ ಕಡಿದ ತಂತಿ, ಟ್ಯಾಂಕು, ನೀರು, ಫಿಲ್ಟರು ಇಷ್ಟನ್ನು ನೋಡಿದ ಮೇಲೆ, ದೋಷದ ಸಂಖ್ಯೆಯನ್ನು ಓದುವ ಉಪಕರಣವುಳ್ಳ ಮೇಸ್ತ್ರಿಯನ್ನು ಕರೆಯಿಸುವುದೇ ಯುಕ್ತ.

6. ಗಾಳಿ ಮತ್ತು ಒತ್ತಡದ ಪರೀಕ್ಷೆ

ಏರ್ ಫಿಲ್ಟರನ್ನು ಹೊರತೆಗೆದು ನೋಡಬೇಕು. ಕಣದ ಧೂಳು, ಭತ್ತದ ಹೊಟ್ಟು, ಕೆಲವು ವೇಳೆ ಇಲಿಯ ಗೂಡು ಅಲ್ಲಿ ಕಂಡುಬರುತ್ತವೆ. ಫಿಲ್ಟರಿಲ್ಲದೆ ಇಂಜಿನನ್ನು ನಡೆಸಬಾರದು. ಬಹುಕಾಲ ನಿಂತಿದ್ದ ಲಾರಿಯ ಹೊಗೆಕೊಳವೆಯಲ್ಲಿ ಕಣಜದ ಮಣ್ಣುಗೂಡಿದೆಯೇ ಎಂಬುದನ್ನೂ ನೋಡತಕ್ಕದ್ದು.

ಹೀಟರ್ ಪ್ಲಗ್ಗುಳ್ಳ ಇಂಜಿನಾದರೆ, ಬೆಳಿಗ್ಗೆಯ ಚಳಿಯಲ್ಲಿ ಮಾತ್ರ ತೊಂದರೆ ಕೊಟ್ಟು ಬಿಸಿಲೇರಿದ ಮೇಲೆ ಚಾಲೂ ಆಗುವುದು ಪ್ಲಗ್ಗು ಕೆಟ್ಟಿರುವುದರ ಗುರುತು. ಶೀತದೇಶಗಳಲ್ಲಿ ಡೀಸೆಲು ಮೇಣದಂತೆ ಹೆಪ್ಪುಗಟ್ಟುವುದುಂಟು. ನಮ್ಮ ಸೀಮೆಯ ಚಳಿಗೆ ಹಾಗಾಗುವುದಿಲ್ಲವಾದ ಕಾರಣ, ಎಣ್ಣೆ ಹೆಪ್ಪುಗಟ್ಟಿದೆಯೆಂಬ ಮಾತನ್ನು ನಂಬಬೇಕಾಗಿಲ್ಲ.

ಸೆಲ್ಫ್ ಹೊಡೆಯುವಾಗ ಇಂಜಿನಿನ ಶಬ್ದವನ್ನು ಕಿವಿಗೊಟ್ಟು ಕೇಳಬೇಕು. ಸಮನಾದ ತಾಳವಿದ್ದರೆ ಎಲ್ಲಾ ಸಿಲಿಂಡರುಗಳ ಒತ್ತಡವೂ ಸಮವಾಗಿದೆ. ತಾಳವು ಒಂದು ಕಡೆ ತಪ್ಪಿ ಹಗುರವಾಗಿ ಓಡಿದರೆ, ಆ ಸಿಲಿಂಡರಿನ ವಾಲ್ವು ಅಥವಾ ಪಿಸ್ಟನಿನ ಉಂಗುರಗಳಲ್ಲಿ ಗಾಳಿಯು ಸೋರುತ್ತಿದೆ. ಇಂಜಿನು ಒತ್ತಡವೇ ಇಲ್ಲದಂತೆ ಬಹು ಹಗುರವಾಗಿ ತಿರುಗಿದರೆ ವಾಲ್ವುಗಳನ್ನು ನಡೆಸುವ ಬೆಲ್ಟು ಅಥವಾ ಹಲ್ಲುಚಕ್ರವು ಮುರಿದಿರಬಹುದು. ಆಗ ಸೆಲ್ಫ್ ಹೊಡೆಯುವುದನ್ನು ಕೂಡಲೇ ನಿಲ್ಲಿಸಬೇಕು. ಇವೆಲ್ಲವೂ ಕಾರ್ಖಾನೆಯ ಕೆಲಸಗಳು. ಆದರೆ ಇಷ್ಟನ್ನು ಗುರುತಿಸಿ ಹೇಳಿದರೆ ಮೇಸ್ತ್ರಿಯ ಒಂದು ದಿನದ ಹುಡುಕಾಟವು ಉಳಿಯುತ್ತದೆ.

ಇಂಜಿನು ಬಿಗಿದುಕೊಂಡು ಕದಲದಿದ್ದರೆ, ಅದರಲ್ಲಿಯೂ ಲಾರಿಯು ಹಳ್ಳದ ನೀರಿನಲ್ಲಿ ಹಾದುಬಂದ ಮೇಲೆ ಹಾಗಾದರೆ, ಸಿಲಿಂಡರಿನೊಳಗೆ ನೀರು ಸೇರಿರಬಹುದು. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಬಲಾತ್ಕಾರದಿಂದ ತಿರುಗಿಸಿದರೆ ಪಿಸ್ಟನಿನ ದಂಡವು ಬಗ್ಗಿಹೋಗುತ್ತದೆ. ರೇಡಿಯೇಟರಿನ ನೀರು ಕಾರಣವಿಲ್ಲದೆ ಕಡಿಮೆಯಾಗಿದ್ದು, ಇಂಜಿನ್ ಆಯಿಲು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೂ ಇದೇ ಎಚ್ಚರಿಕೆಯು ಅಗತ್ಯ. ಇಂತಹ ಲಾರಿಯನ್ನು ನೂಕಿಸುವುದಾಗಲಿ, ಟ್ರ್ಯಾಕ್ಟರಿನಿಂದ ಎಳೆಸಿ ಚಾಲೂ ಮಾಡುವುದಾಗಲಿ ಸರ್ವಥಾ ಕೂಡದು.

7. ಮಾಡಬಾರದ ಉಪಾಯಗಳು

ಏರ್ ಫಿಲ್ಟರಿನ ಬಾಯಿಗೆ ಈಥರನ್ನು ಚಿಮುಕಿಸುವುದು, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಹಿಡಿಯುವುದು, ಬೆಂಕಿಯ ಪಂಜನ್ನು ತೋರಿಸುವುದು ಇವು ರೂಢಿಯಲ್ಲಿವೆ. ಹೀಟರ್ ಪ್ಲಗ್ಗುಳ್ಳ ಇಂಜಿನಿನಲ್ಲಿ ಈಥರು ಹೊತ್ತು ಮುಂಚೆಯೇ ಸಿಡಿದು ಪಿಸ್ಟನನ್ನು ಒಡೆಯಬಹುದು. ಹಾಗೆ ಚಾಲೂ ಆದರೂ ಮೂಲದೋಷವು ಉಳಿದೇ ಇರುತ್ತದೆ.

1900ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಸಣ್ಣ ಡೀಸೆಲ್ ಇಂಜಿನೊಂದನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿದುದು ನಿಜ. ಆದರೆ ಗಾಣದ ಹೊಂಗೆ ಎಣ್ಣೆಯು ಡೀಸೆಲಿಗಿಂತ ಸುಮಾರು ಹತ್ತುಪಟ್ಟು ಮಂದವಾಗಿದ್ದು, ಈಗಿನ ನಾಝಲ್ಲುಗಳ ಸೂಕ್ಷ್ಮ ರಂಧ್ರಗಳಲ್ಲಿ ಅಂಟುಕಟ್ಟುತ್ತದೆ. ಶುದ್ಧಿಪಡಿಸಿ ಜೈವಿಕ ಡೀಸೆಲ್ಲಾಗಿ ಮಾರ್ಪಡಿಸದ ಹೊಂಗೆ ಎಣ್ಣೆಯನ್ನು ಟ್ಯಾಂಕಿಗೆ ಹಾಕಬಾರದು. ಸೀಮೆಎಣ್ಣೆಯ ಬೆರಕೆಯೂ ಪಂಪಿನ ಸವೆತಕ್ಕೆ ಕಾರಣವಾಗುತ್ತದೆ.

8. ಒಂದು ನಿದರ್ಶನ

ಮಂಡ್ಯದ ಸೀಮೆಯ ಒಬ್ಬ ಗೌಡರ ಲಾರಿಯು ಮಳೆಯಾದ ಮರುದಿನ ಬೆಳಿಗ್ಗೆ ಕಬ್ಬಿನ ಹೊರೆಯೊಡನೆ ಚಾಲೂ ಆಗದೆ ನಿಂತಿತೆಂದು ಭಾವಿಸೋಣ. ಲಾರಿಯು ಹಳೆಯ ಮಾದರಿಯ ಪಂಪುಳ್ಳದ್ದು. ಸೆಲ್ಫ್ ಹೊಡೆದರೆ ದೀಪವು ಸ್ವಲ್ಪವೇ ಕುಂದಿ, ಇಂಜಿನು ಚುರುಕಾಗಿ ತಿರುಗುತ್ತದೆ. ಹಾಗಾದರೆ ಬ್ಯಾಟರಿಯು ನಿರ್ದೋಷಿ. ಹೊಗೆಕೊಳವೆಯಲ್ಲಿ ಹೊಗೆಯಿಲ್ಲ. ಹಾಗಾದರೆ ಎಣ್ಣೆಯು ಬರುತ್ತಿಲ್ಲ. ಕೋಲಿನಿಂದ ಅಳೆದರೆ ಟ್ಯಾಂಕು ಅರ್ಧ ತುಂಬಿದೆ. ನಿಲ್ಲಿಸುವ ತಂತಿಯು ಸಲೀಸಾಗಿ ಆಡುತ್ತದೆ. ಬಟ್ಟಲಿನಿಂದ ಸೀಸೆಗೆ ಹಿಡಿದ ಎಣ್ಣೆಯಲ್ಲಿ ಮೂರು ಬೆರಳಿನಷ್ಟು ನೀರು ತಳದಲ್ಲಿ ನಿಂತಿದೆ. ಹಿಂದಿನ ಸಂಜೆ ಅಂಗಳದ ಪೀಪಾಯಿಯಿಂದ ಎಣ್ಣೆ ತುಂಬಿಸಿದುದಾಗಿ ಕ್ಲೀನರು ಆಗ ಹೇಳುತ್ತಾನೆ. ಪೀಪಾಯಿಯ ಮುಚ್ಚಳವು ಸಡಿಲವಾಗಿತ್ತು.

ಟ್ಯಾಂಕಿನ ತಳದ ನೀರನ್ನು ಇಳಿಸಿ, ಬಟ್ಟಲನ್ನು ತೊಳೆದು, ಫಿಲ್ಟರನ್ನು ಬದಲಾಯಿಸಿ, ಗಾಳಿಯನ್ನು ತೆಗೆದರೆ ಲಾರಿಯು ಹೊರಡುತ್ತದೆ. ಒಂದು ಫಿಲ್ಟರಿನ ಬೆಲೆ ಮತ್ತು ಎರಡು ಗಂಟೆಯ ಹೊತ್ತು ಮಾತ್ರ ಖರ್ಚು. ಈ ಕ್ರಮವನ್ನು ಬಿಟ್ಟು ಪಂಪನ್ನು ಬಿಚ್ಚಿ ಪಟ್ಟಣಕ್ಕೆ ಕಳುಹಿಸಿದ್ದರೆ ಕಬ್ಬು ಹಲವು ದಿನ ಒಣಗುತ್ತಿತ್ತು. ದುರಸ್ತಾಗಿ ಬಂದ ಪಂಪಿಗೂ ಪುನಃ ಅದೇ ನೀರು ಸೇರುತ್ತಿತ್ತು.

9. ನೆನಪಿನಲ್ಲಿಡತಕ್ಕ ಅಂಶಗಳು

(1) ಮೊದಲು ತಿರುಗುವ ವೇಗ, ಆಮೇಲೆ ಹೊಗೆ, ಆಮೇಲೆ ಎಣ್ಣೆಯ ದಾರಿ, ಕೊನೆಗೆ ಒತ್ತಡ. ಈ ಕ್ರಮವನ್ನು ತಪ್ಪಿಸಬಾರದು.
(2) ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಫಲವನ್ನು ನೋಡಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ದೋಷವು ಯಾವುದರಲ್ಲಿತ್ತೆಂದು ತಿಳಿಯುವುದಿಲ್ಲ.
(3) ಕೆಡುವುದಕ್ಕೆ ಮುಂಚೆ ಏನು ನಡೆಯಿತೆಂದು ಚಾಲಕನನ್ನೂ ಕ್ಲೀನರನ್ನೂ ಗದರಿಸದೆ ವಿಚಾರಿಸಬೇಕು. ಹೆದರಿದವನು ನಿಜವನ್ನು ಮುಚ್ಚಿಡುತ್ತಾನೆ.
(4) ನೀರಿನ ಬಟ್ಟಲನ್ನು ವಾರಕ್ಕೊಮ್ಮೆ, ಮಳೆಗಾಲದಲ್ಲಿ ಪ್ರತಿದಿನವೂ ಇಳಿಸಬೇಕು.
(5) ಫಿಲ್ಟರು, ಆಯಿಲು, ಬ್ಯಾಟರಿ ಬದಲಾಯಿಸಿದ ತಾರೀಖುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು.
(6) ಹೊಸ ಕೊಳವೆಯ ತುಂಡು, ತಾಮ್ರದ ವಾಷರುಗಳು, ಒಂದು ಫಿಲ್ಟರು, ಕೆಲವು ಫ್ಯೂಜುಗಳು, ಸ್ಪ್ಯಾನರುಗಳು ಮತ್ತು ಒಂದು ವೋಲ್ಟ್ ಮೀಟರು ಲಾರಿಯಲ್ಲಿರಬೇಕು.

ಗ್ರಾಮದ ಮುಖಂಡರು ಕಟಾವಿನ ಕಾಲಕ್ಕೆ ಮುಂಚೆ ಊರಿನ ಲಾರಿ ಮತ್ತು ಟ್ರ್ಯಾಕ್ಟರುಗಳ ಒಡೆಯರನ್ನೂ ಚಾಲಕರನ್ನೂ ಒಂದೆಡೆ ಸೇರಿಸಿ, ಈ ಕರಪತ್ರವನ್ನು ಓದಿಸಿ, ಹೊಗೆಯ ಪರೀಕ್ಷೆಯನ್ನೂ ನೀರಿನ ಪರೀಕ್ಷೆಯನ್ನೂ ಒಂದು ಇಂಜಿನಿನ ಮೇಲೆ ಮಾಡಿ ತೋರಿಸಿದರೆ ಬಹಳ ಪ್ರಯೋಜನವಾಗುವುದು. ಮೇಲೆ ಹೇಳಿದ ಉಪಕರಣಗಳನ್ನು ಒಬ್ಬೊಬ್ಬರೇ ಕೊಳ್ಳುವುದು ಭಾರವಾದರೆ, ನಾಲ್ಕಾರು ಮಂದಿ ಕೂಡಿ ಕೊಂಡು ಸಹಕಾರ ಸಂಘದಲ್ಲಿ ಇಡಬಹುದು. ಯಂತ್ರವು ನಿಲ್ಲುವುದನ್ನು ಪೂರ್ಣವಾಗಿ ತಪ್ಪಿಸುವುದು ಯಾರಿಂದಲೂ ಆಗದು. ನಿಂತ ಯಂತ್ರದ ಮುಂದೆ ಗಾಬರಿಯಿಲ್ಲದೆ ಮೊದಲು ಏನನ್ನು ನೋಡಬೇಕೆಂಬುದನ್ನು ತಿಳಿದಿರುವುದು ಮಾತ್ರ ಎಲ್ಲರ ಕೈಯಲ್ಲಿಯೂ ಇದೆ.